ಮೇಸ್ತ್ರಿ ತಿಮ್ಮರಾಯಪ್ಪನವರ ಮೂರನೇ ಪೆಡಲ್ಲು

ಲಾರಿ ರಿಪೇರಿಗೆ ಬಂದು ನಿಂತರೆ ಮೇಸ್ತ್ರಿ ತಿಮ್ಮರಾಯಪ್ಪನವರು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಡ್ರೈವರನ್ನು ಕೂಗಿ ಕರೆದು, ಹುಣಸೆಮರದ ಕೆಳಗೆ ಹಾಕಿದ್ದ ಹಳೆಯ ಬಸ್ಸಿನ ಸೀಟಿನ ಮೇಲೆ ಕೂರಿಸಿ, ಹೆಂಡತಿ ಪಾಪಮ್ಮನಿಗೆ ಕಾಫಿ ತರಲು ಹೇಳಿ, ಅರ್ಧ ಗಂಟೆ ಮಾತಾಡಿಸುತ್ತಿದ್ದರು. ಯಾವ ದಾರಿಯಲ್ಲಿ ಬಂದೆ, ಏರು ಹತ್ತುವಾಗ ಯಾರ ಜೊತೆ ಮಾತಾಡುತ್ತಿದ್ದೆ, ಬೀಡಿ ಯಾವ ಕೈಯಲ್ಲಿತ್ತು, ನಿದ್ದೆ ಸರಿಯಾಗಿ ಬಂತಾ, ಹೆಂಡತಿ ತವರಿಗೆ ಹೋಗಿದ್ದಾಳಾ. ಅಷ್ಟು ಹೊತ್ತೂ ಲಾರಿ ಬಿಸಿಲಿನಲ್ಲಿ ಆಯಿಲ್ ತೊಟ್ಟಿಕ್ಕಿಸುತ್ತಾ ನಿಂತಿರುತ್ತಿತ್ತು. ನೋಡಿದವರಿಗೆ ಇದು ಗ್ಯಾರೇಜೋ ಹೆಣ್ಣಿನ ಕಡೆಯವರು ಗಂಡು ನೋಡುವ ಶಾಸ್ತ್ರವೋ ಎಂದು ಅನುಮಾನ ಬರಬೇಕು. ಕೇಳಿದರೆ ಅವರ ಉತ್ತರ ಒಂದೇ.

“ಮೊದ್ಲು ಡ್ರೈವರ್‌ನ ಬಿಚ್ಬೇಕು ಕಣಮ್ಮ, ಆಮೇಲೆ ಗಾಡಿ. ಉಲ್ಟಾ ಮಾಡಿದ್ರೆ ನಟ್ಟು ಬೋಲ್ಟು ಕಳ್ದೋಯ್ತವೆ, ರೋಗ ಅಲ್ಲೇ ಇರ್ತೈತೆ.”

ನಾವು ತುಮಕೂರು ಕಡೆಯವರು. ಯಜಮಾನರಿಗೆ ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ, ಎಪ್ಪತ್ತರ ದಶಕದ ಕೊನೆಯಲ್ಲಿ ಆಲಸನತ್ತಂನಲ್ಲಿ ಮನೆ ಮಾಡಿದೆವು. ನನಗೆ ಹತ್ತಿರದ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳುವ ಕೆಲಸ. ಮನೆ ತೋರಿಸಿದ ದಲ್ಲಾಳಿ ಗಾಳಿಯ ಬಗ್ಗೆ ಹೇಳಿದ, ಬಾವಿ ನೀರಿನ ಸಿಹಿಯ ಬಗ್ಗೆ ಹೇಳಿದ. ಹಿತ್ತಲಿನ ಗೋಡೆಯಾಚೆ ಒಂದು ಲಾರಿ ಶೆಡ್ಡಿದೆ ಎಂಬುದೊಂದನ್ನು ಮಾತ್ರ ಹೇಳಲು ಮರೆತ. ಮೊದಲ ಭಾನುವಾರವೇ ಪರೀಕ್ಷೆಯ ಪೇಪರ್ ತಿದ್ದುತ್ತಾ ಕೂತಿದ್ದಾಗ ಗೋಡೆಯಾಚೆಯಿಂದ ಸುತ್ತಿಗೆಯ ಏಟು ಶುರುವಾಯಿತು. ಒಂದು ಗಂಟೆ ತಡೆದುಕೊಂಡೆ. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಕೆಂಪು ಪೆನ್ನು ಕೈಯಲ್ಲೇ ಹಿಡಿದುಕೊಂಡು ಜಗಳಕ್ಕೆ ಹೋದೆ.

ಖಾಕಿ ಚಡ್ಡಿ, ಮೈಮೇಲೆ ತೂತು ಬನಿಯನ್ನು, ತಲೆಗೆ ಟವೆಲ್ಲು ಸುತ್ತಿದ್ದ ಐವತ್ತರ ಆಸುಪಾಸಿನ ಮನುಷ್ಯ ಲಾರಿಯೊಂದರ ಅಡಿಯಿಂದ ತೆವಳಿ ಹೊರಬಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಆಯಿಲ್ ಹತ್ತಿದ ತೋರುಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದರು.

“ಮೂಸ್ ನೋಡಮ್ಮ. ಸೀದ ವಾಸ್ನೆ ಬತ್ತೈತಾ, ಇಲ್ವಾ?”

ಜಗಳಕ್ಕೆ ಬಂದವಳು ಮೂಸಿ ನೋಡಿದೆ. “ಬರ್ತಾ ಇದೆ,” ಎಂದೆ.

“ಕೇಳಿಸ್ಕೊಂಡ್ಯೇನ್ಲಾ?” ಎಂದು ಅವರು ಬಸ್ಸಿನ ಸೀಟಿನ ಮೇಲೆ ಕೂತಿದ್ದ ಡ್ರೈವರನ ಕಡೆ ತಿರುಗಿದರು. “ಗಾಡಿ ಕಂಡ್ರೇ ಆಗದ ಹೆಣ್ಮಗಳಿಗೂ ಗೊತ್ತಾಯ್ತೈತೆ. ನಿನಗೆ ಬೇರಿಕೆಯಿಂದ ಇಲ್ಲಿಗಂಟ ಗೊತ್ತಾಗ್ಲಿಲ್ಲ.” ಆಮೇಲೆ ನನ್ನ ಕೈಯಲ್ಲಿದ್ದ ಕೆಂಪು ಪೆನ್ನು ನೋಡಿ, “ಟೀಚರಮ್ಮನೋರಾ? ಕೂತ್ಕೊಳಿ, ಕಾಫಿ ಬತ್ತೈತೆ,” ಎಂದರು. ನಾನು ಕೂತೆ. ಜಗಳ ಆಡಬೇಕೆಂಬುದು ನೆನಪಾದದ್ದು ಮನೆಗೆ ವಾಪಸು ಬಂದ ಮೇಲೆ.

ಅವರಿಗೆ ಒಂದು ಅಭ್ಯಾಸವಿತ್ತು, ಅದನ್ನು ಗುಣ ಎನ್ನಬೇಕೋ ರೋಗ ಎನ್ನಬೇಕೋ ಇವತ್ತಿಗೂ ನನಗೆ ಗೊತ್ತಿಲ್ಲ. ತಪ್ಪು ಯಾರದು ಎಂದು ತಿಳಿದ ಮೇಲೆ ಅದನ್ನು ಅವರ ಮುಖಕ್ಕೇ ಹೇಳಿಬಿಡುತ್ತಿದ್ದರು. ಬೆಣ್ಣೆ ಸವರಿ ಹೇಳುವುದು, ಮೂರನೆಯವರ ಮೂಲಕ ಹೇಳಿಸುವುದು ಇಲ್ಲವೇ ಇಲ್ಲ. ನಮ್ಮ ಯಜಮಾನರು ಸ್ಕೂಟರ್ ಕೊಂಡ ಹೊಸತರಲ್ಲಿ ಅದು ದಿನಾ ಬೆಳಿಗ್ಗೆ ಕೈಕೊಡುತ್ತಿತ್ತು. ಕಂಪನಿಯ ಮೆಕ್ಯಾನಿಕ್ಕುಗಳು ಪ್ಲಗ್ಗು ಬದಲಿಸಿದರು, ಕಾರ್ಬೊರೇಟರ್ ತೊಳೆದರು, ಏನೂ ಉಪಯೋಗವಾಗಲಿಲ್ಲ. ಕೊನೆಗೆ ಗೋಡೆಯಾಚೆಗೆ ತಳ್ಳಿಕೊಂಡು ಹೋದೆವು. ಮೇಸ್ತ್ರಿ ಸ್ಕೂಟರನ್ನು ಮುಟ್ಟಲಿಲ್ಲ. ಯಜಮಾನರನ್ನು ಕೂರಿಸಿಕೊಂಡು ಕಾಫಿ ಕೊಟ್ಟು, ಮನೆಯಿಂದ ಹೊರಟು ಕಾರ್ಖಾನೆ ಗೇಟು ಮುಟ್ಟುವವರೆಗೆ ಕೈ ಎಲ್ಲೆಲ್ಲಿ ಹೋಗುತ್ತದೆ ಎಂದು ಒಂದೊಂದೇ ಕೇಳಿದರು. ಕೇಳಿ ಮುಗಿಸಿ, “ಸಾರ್, ಚೋಕ್ ಎಳೀತೀರ, ವಾಪಸ್ ಒಳಕ್ಕೆ ತಳ್ಳೋದು ಮರೀತೀರ. ಸ್ಕೂಟರ್ ಚೆನ್ನಾಗೈತೆ. ನೀವೇ ಕೆಟ್ಟೋಗಿರೋದು,” ಎಂದರು. ಯಜಮಾನರು ಒಂದು ತಿಂಗಳು ಅವರ ಜೊತೆ ಮಾತು ಬಿಟ್ಟರು. ಸ್ಕೂಟರ್ ಮಾತ್ರ ಆಮೇಲೆ ಒಂದು ದಿನವೂ ಕೈಕೊಡಲಿಲ್ಲ.

ಇಂಥ ಮನುಷ್ಯನ ಶೆಡ್ಡಿಗೆ ಎಂಬತ್ತರ ದಶಕದ ಆರಂಭದಲ್ಲಿ ಕ್ಲಚ್ಚಿಲ್ಲದ ಲಾರಿಯೊಂದು ಬಂತು.

ರಾಯಕೋಟೆಯ ಕಡೆ ಗುಡ್ಡಗಳಲ್ಲಿ ಆಗ ಗ್ರಾನೈಟ್ ಕ್ವಾರಿಗಳು ಒಂದೊಂದಾಗಿ ಏಳುತ್ತಿದ್ದವು. ಅಂಥದೊಂದು ಕ್ವಾರಿಯ ಓನರ್ ಯಾವುದೋ ಹೊರದೇಶದ ಹಳೆಯ ಲಾರಿಯನ್ನು ಹಡಗಿನಲ್ಲಿ ತರಿಸಿದ್ದ. ಮನೆಯಷ್ಟು ಎತ್ತರ. ಒಳಗೆ ಪೆಡಲ್ಲು ಎರಡೇ: ಆಕ್ಸಿಲರೇಟರ್ ಒಂದು, ಬ್ರೇಕ್ ಒಂದು. ಬ್ರೇಕಿನ ಪೆಡಲ್ಲಂತೂ ಚಪಾತಿ ಮಣೆಯಷ್ಟು ಅಗಲ. ಗೇರನ್ನು ಡ್ರೈವರ್ ಹಾಕಬೇಕಾಗಿಲ್ಲ, ಲಾರಿಯೇ ತನಗೆ ಬೇಕಾದಾಗ ಬದಲಿಸಿಕೊಳ್ಳುತ್ತದೆ. ಅದನ್ನು ನೋಡಲು ಕೃಷ್ಣಗಿರಿಯಿಂದೆಲ್ಲ ಜನ ಬಂದಿದ್ದರಂತೆ.

ಅದರ ಡ್ರೈವರ್ ದೊರೆಸಾಮಿ. ಮೇಸ್ತ್ರಿಯದೇ ವಯಸ್ಸು, ಬೆಳ್ಳಗೆ ಇಸ್ತ್ರಿ ಮಾಡಿದ ಷರಟು, ಹಣೆಯಲ್ಲಿ ವಿಭೂತಿ. ಇಪ್ಪತ್ತೆಂಟು ವರ್ಷ ಲಾರಿ ಓಡಿಸಿದವರು. ಮನೆಯಲ್ಲಿ ತಮಿಳು, ಕ್ವಾರಿಯಲ್ಲಿ ತೆಲುಗು, ನಮ್ಮ ಜೊತೆ ಕನ್ನಡ. ಮೂರರಲ್ಲೂ ಅವರ ಹೆಮ್ಮೆಯ ಮಾತು ಒಂದೇ ಆಗಿತ್ತು: “ಇಷ್ಟ್ ವರ್ಷಕ್ಕೆ ರೋಡಲ್ಲಿ ಒಂದ್ ನಾಯೀನೂ ಸಾಯ್ಸಿಲ್ಲ.” ಅವರು ಬಂದು ಬಸ್ಸಿನ ಸೀಟಿನ ಮೇಲೆ ಕೂತು ಹೇಳಿದ ರೋಗ ಇದು. ಕಲ್ಲು ತುಂಬಿಕೊಂಡು ಏರು ಹತ್ತುವಾಗ ಲಾರಿ ಮೂರನೇ ಗೇರಿಗೆ ಹೋಗುತ್ತದೆ, ತಕ್ಷಣ ಎರಡಕ್ಕೆ ಇಳಿಯುತ್ತದೆ, ಮತ್ತೆ ಮೂರಕ್ಕೆ ಹಾರುತ್ತದೆ, ಮತ್ತೆ ಎರಡು. ಪ್ರತಿ ಸಲವೂ ಹಿಂದಿನಿಂದ ಯಾರೋ ಒದ್ದ ಹಾಗೆ ಜರ್ಕು. ಮೇಲೆ ತಲುಪುವಷ್ಟರಲ್ಲಿ ಗೇರ್‌ಬಾಕ್ಸ್ ಆಯಿಲಿನ ಮೀಟರ್ ಮುಳ್ಳು ಕೆಂಪಿಗೆ ಹೋಗಿ ಕೂತಿರುತ್ತದೆ. ಆಗಲೇ ಒಂದು ಸಲ ಗೇರ್‌ಬಾಕ್ಸ್ ಒಳಗಿನ ಪ್ಲೇಟುಗಳು ಸುಟ್ಟು ಹೊಸದು ಹಾಕಿಸಿದ್ದಾಗಿತ್ತು. ಇನ್ನೊಂದು ಸಲ ಸುಟ್ಟರೆ ಮನೆಗೆ ಹೋಗು ಎಂದು ಓನರ್ ಹೇಳಿದ್ದ.

ಲಾರಿಯ ಜೊತೆ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದು ಬಂದಿತ್ತು. ಮೇಸ್ತ್ರಿಗೆ ಬಸ್ಸಿನ ಬೋರ್ಡಿನ ತಮಿಳು ಬರುತ್ತಿತ್ತು, ಕೂಡಿಸಿಕೊಂಡು ಕನ್ನಡ ಓದುತ್ತಿದ್ದರು, ಇಂಗ್ಲಿಷಿಗೆ ಗೋಡೆಯೀಚೆಯ ನಾನು. ಹೀಗೆ ನನ್ನ ಭಾನುವಾರಗಳು ಆ ಹುಣಸೆಮರದ ಕೆಳಗೆ ಹೋದವು. ನಾನು ಒಂದೊಂದು ಸಾಲು ಓದಿ ಕನ್ನಡದಲ್ಲಿ ಹೇಳುವುದು, ಅವರು ಕಣ್ಣು ಮುಚ್ಚಿಕೊಂಡು ಕೇಳುವುದು.

“ಈ ವಾಹನವನ್ನು ಆರಿಸಿಕೊಂಡಿದ್ದಕ್ಕಾಗಿ ನಿಮಗೆ ಅಭಿನಂದನೆಗಳು,” ಎಂದು ಶುರು ಮಾಡಿದೆ.

“ಯಾರ್ಗೆ?”

“ಕೊಂಡವರಿಗೆ.”

“ಸರಿ, ಮುಂದಕ್ಕೆ ಓದಿ.”

ಮೊದಲ ಭಾನುವಾರವೇ ಒಂದು ಸಂಗತಿ ಸಿಕ್ಕಿತು. ನಮ್ಮ ಲಾರಿಗಳಲ್ಲಿ ಆಯಿಲ್ ಎಷ್ಟಿದೆ ಎಂದು ನೋಡುವುದು ಎಂಜಿನ್ ನಿಲ್ಲಿಸಿ. ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ನೋಡುತ್ತಾರೆ. ದೊರೆಸಾಮಿ ದಿನಾ ಬೆಳಿಗ್ಗೆ ಸ್ವಾಮಿ ಪಟಕ್ಕೆ ಊದುಬತ್ತಿ ಹಚ್ಚಿದ ಮೇಲೆ ಮಾಡುತ್ತಿದ್ದ ಕೆಲಸ ಅದೇ. ಈ ಗೇರ್‌ಬಾಕ್ಸಿಗೆ ಹಾಗಲ್ಲ, ಎಂಜಿನ್ ಓಡುತ್ತಿರಬೇಕು, ಆಯಿಲ್ ಬಿಸಿಯಾಗಿರಬೇಕು, ಆಗ ನೋಡಬೇಕು ಎಂದು ಪುಸ್ತಕ ಹೇಳಿತು. ಹಾಗೆಯೇ ನೋಡಿದರೆ ಕಡ್ಡಿಯ ತುದಿ ಮಾತ್ರ ಒದ್ದೆಯಾಗಿತ್ತು. ಎಂಜಿನ್ ನಿಂತಾಗ ಆಯಿಲೆಲ್ಲ ಕೆಳಗಿಳಿದು ಪೂರ್ತಿ ಇದೆ ಎಂದು ತೋರಿಸಿ ಅಷ್ಟು ದಿನ ಮೋಸ ಮಾಡಿತ್ತು. “ನೋಡ್ದಾ ದೊರೆಸಾಮಿ, ಮಲ್ಗಿರೋನ ಹೊಟ್ಟೆ ಮುಟ್ಟಿ ಊಟ ಆಗೈತೆ ಅಂದಂಗೆ ಮಾಡಿದೀಯ,” ಎಂದು ಮೇಸ್ತ್ರಿ ಮುಖಕ್ಕೇ ಹೇಳಿದರು. ದೊರೆಸಾಮಿ ತಲೆ ತಗ್ಗಿಸಿ, “ಆಮಾ ಮೇಸ್ತ್ರಿ, ತಪ್ಪಾಯ್ತು,” ಎಂದರು. ಆಯಿಲ್ ತುಂಬಿದರು. ಒಂದು ವಾರ ಲಾರಿ ಚೆನ್ನಾಗಿತ್ತು. ಎಂಟನೇ ದಿನ ಮುಳ್ಳು ಮತ್ತೆ ಕೆಂಪಿಗೆ ಹೋಯಿತು.

ಎರಡನೇ ಸಲ ಆಯಿಲ್ ತಂಪು ಮಾಡುವ ಸಣ್ಣ ರೇಡಿಯೇಟರನ್ನು ಬಿಚ್ಚಿದರು. ಗ್ರಾನೈಟ್ ಪುಡಿ ಮಂಜಿನ ನೀರಿಗೆ ಕಲಸಿ ಅದರ ಸಂದುಗಳಲ್ಲೆಲ್ಲ ಸಿಮೆಂಟಿನ ಹಾಗೆ ಕೂತಿತ್ತು. ಪಾಪಮ್ಮನ ಹಳೆಯ ಕೊಡೆಯ ಕಡ್ಡಿ ಮುರಿದು ಒಂದಿಡೀ ದಿನ ಕೆರೆದರು. ಹತ್ತು ದಿನ ಚೆನ್ನಾಗಿತ್ತು. ಆಮೇಲೆ ಅದೇ ಕುಣಿತ, ಅದೇ ಸೀದ ವಾಸನೆ. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಾ ಇದೀನಿ ಟೀಚರಮ್ಮ,” ಎಂದು ಮೇಸ್ತ್ರಿ ಆ ದಿನ ಕಾಫಿ ಆರಿಸಿಕೊಂಡು ಕುಡಿದರು. “ಆ ಬುಕ್ಕಲ್ಲಿ ಡ್ರೈವರ್ ವಿಷ್ಯ ಏನ್ ಬರ್ದವ್ರೆ?”

ಹುಡುಕಿ ಓದಿದೆ. “ಚಾಲಕನು ತರಬೇತಿ ಪಡೆದವನಾಗಿರಬೇಕು.”

“ಆಮೇಲೆ?”

“ಅಷ್ಟೇ.”

“ಮುನ್ನೂರ್ ಪೇಜಲ್ಲಿ ಒಂದೇ ಲೈನಾ!” ಎಂದರು. ಆ ಪುಸ್ತಕದ ಮೇಲೆ ಅವರಿಗಿದ್ದ ಗೌರವ ಆವತ್ತು ಕಡಿಮೆಯಾಯಿತು.

ಅಷ್ಟರಲ್ಲಿ ಓನರ್ ತನ್ನದೇ ರೀತಿಯಲ್ಲಿ ಪರೀಕ್ಷೆ ಮಾಡಿದ್ದ. ಸೇಲಂ ಕಡೆಯಿಂದ ಎಳೆ ವಯಸ್ಸಿನ ಡ್ರೈವರೊಬ್ಬನನ್ನು ಕರೆಸಿ ಎರಡು ದಿನ ಅದೇ ಲಾರಿ, ಅದೇ ಲೋಡು, ಅದೇ ಏರಿನಲ್ಲಿ ಓಡಿಸಿದ. ಮುಳ್ಳು ಅಲ್ಲಾಡಲಿಲ್ಲ. ಮುಂದಿನ ಸೋಮವಾರ ಮಧ್ಯಾಹ್ನದವರೆಗೆ ಟೈಮು, ಅಷ್ಟರೊಳಗೆ ದೊರೆಸಾಮಿಯ ಕೈಯಲ್ಲಿ ಲಾರಿ ಸರಿಯಾಗಿ ಓಡದಿದ್ದರೆ ಬೀಗದ ಕೈ ಸೇಲಂನವನಿಗೆ ಎಂದ. ದೊರೆಸಾಮಿ ಶೆಡ್ಡಿಗೆ ಬಂದು ಬಸ್ಸಿನ ಸೀಟಿನ ಮೇಲೆ ಕೂತರು. ಪಾಪಮ್ಮ ಇಟ್ಟ ಕಾಫಿ ಮುಟ್ಟಲಿಲ್ಲ. “ಈ ವಯಸ್ಸಲ್ಲಿ ಯಾರ್ ಮೇಸ್ತ್ರಿ ನನ್ಗೆ ಗಾಡಿ ಕೊಡ್ತಾರೆ? ಕೆಲ್ಸ ಹೋದ್ರೂ ಹೋಗ್ಲಿ. ಗೇರ್‌ಬಾಕ್ಸ್ ಸುಟ್ಟೋನು ಅಂತ ಹೆಸ್ರು ಬತ್ತೈತಲ್ಲ, ಅದನ್ನ ಎಂಗ್ ತಡ್ಕೊಳ್ಳೋದು?” ಎಂದರು. ಮೇಸ್ತ್ರಿ ಮತ್ತೆ ಮೊದಲಿನಿಂದ ಎಲ್ಲ ಕೇಳಿದರು. ಬೀಡಿ ಸೇದುವುದಿಲ್ಲ. ಹೆಂಡತಿ ತವರಿಗೆ ಹೋಗಿಲ್ಲ. ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡುವುದಿಲ್ಲ. ಅವರು ಹೋದ ಮೇಲೆ ಮೇಸ್ತ್ರಿ ನನಗೆ, “ಪೂರ್ತಿ ಬಿಚ್ಚಿದೆ ಟೀಚರಮ್ಮ. ಒಳಗೇನೂ ಸಿಕ್ಲಿಲ್ಲ,” ಎಂದರು. ಅವರ ಮುಖ ಅಷ್ಟು ಸಪ್ಪಗಿದ್ದುದನ್ನು ನಾನು ನೋಡಿರಲಿಲ್ಲ.

ಆ ಶನಿವಾರ ನನಗೆ ರಾಯಕೋಟೆಯಲ್ಲಿ ಪರೀಕ್ಷಾ ಡ್ಯೂಟಿ. ವಾಪಸು ಬರುವಾಗ ನಮ್ಮ ಬಸ್ಸು ಏರಿನಲ್ಲಿ ಆ ಮಹಾ ಲಾರಿಯ ಹಿಂದೆ ಸಿಕ್ಕಿಕೊಂಡಿತು. ನಮ್ಮ ಬಸ್ ಡ್ರೈವರ್ ಮೂರು ಭಾಷೆಯಲ್ಲೂ ಬೈದ. “ಏರಲ್ಲಿ ಯಾವನಾನಾ ಬ್ರೇಕ್ ಹಾಕ್ತಾನಾ? ಲೈಟ್ ನೋಡ್ರೀ ಲೈಟು!” ಎಂದ. ನೋಡಿದೆ. ನಮ್ಮ ಕಡೆ ಲಾರಿಗಳಿಗೆ ಹಿಂದೆ ದೀಪ ಇರುತ್ತದೆಂಬುದೇ ಒಂದು ನಂಬಿಕೆ ಮಾತ್ರ. ಈ ಫಾರಿನ್ ಲಾರಿಯ ದೀಪ ನಿಜವಾಗಿಯೂ ಉರಿಯುತ್ತಿತ್ತು. ಮೇಲೆ ಹತ್ತುವವರೆಗೂ ಕೆಂಪಗೆ ಹತ್ತಿ ಆರಿ, ಹತ್ತಿ ಆರಿ. ಊರಿಗೆ ಬಂದು ಇದನ್ನು ಬರೀ ಮಾತಿಗೆಂದು ಗೋಡೆಯ ಮೇಲಿನಿಂದ ಮೇಸ್ತ್ರಿಗೆ ಹೇಳಿದೆ. ಅವರು ಕೈಯಲ್ಲಿದ್ದ ಸ್ಪ್ಯಾನರನ್ನು ನಿಧಾನವಾಗಿ ಕೆಳಗಿಟ್ಟರು.

“ನಾಳೆ ನೀವೂ ಬನ್ನಿ. ಮೀಟ್ರಲ್ಲಿ ಇಂಗ್ಲೀಸ್ ಐತೆ, ಓದೋಕೆ ಒಬ್ರು ಬೇಕು,” ಎಂದರು.

ಭಾನುವಾರ ಬೆಳಿಗ್ಗೆ ಕ್ವಾರಿಯಿಂದ ಲೋಡು ತುಂಬಿಸಿಕೊಂಡು ನಾವು ಮೂವರೂ ಕ್ಯಾಬಿನ್‌ನಲ್ಲಿ ಹೊರಟೆವು. ದೊರೆಸಾಮಿ ನೆಟ್ಟಗೆ ಕೂತು, ಕಣ್ಣು ರಸ್ತೆಯ ಮೇಲಿಟ್ಟು, ದೇವರ ಪೂಜೆ ಮಾಡುವಷ್ಟು ಶ್ರದ್ಧೆಯಿಂದ ಓಡಿಸುತ್ತಿದ್ದರು. ನಾನು ಮೀಟರ್ ಓದುತ್ತಿದ್ದೆ. ಮೇಸ್ತ್ರಿ ಮಾತ್ರ ಮೀಟರನ್ನೂ ನೋಡಲಿಲ್ಲ, ರಸ್ತೆಯನ್ನೂ ನೋಡಲಿಲ್ಲ. ಬಗ್ಗಿ ದೊರೆಸಾಮಿಯ ಕಾಲು ನೋಡುತ್ತಾ ಕೂತಿದ್ದರು. ಏರು ಶುರುವಾದಾಗ ನನ್ನ ಮೊಣಕೈ ಮುಟ್ಟಿ ಕಣ್ಣಲ್ಲೇ ಕೆಳಗೆ ತೋರಿಸಿದರು.

ದೊರೆಸಾಮಿಯ ಬಲಗಾಲು ಆಕ್ಸಿಲರೇಟರ್ ಮೇಲಿತ್ತು. ಎಡಗಾಲು ಆ ಅಗಲವಾದ ಬ್ರೇಕಿನ ಅಂಚಿನ ಮೇಲೆ ಹಗುರವಾಗಿ ಕೂತಿತ್ತು. ಲಾರಿ ಮೂರನೇ ಗೇರಿಗೆ ಬದಲಾಯಿತು, ಎಂಜಿನ್ನಿನ ಸದ್ದು ತಗ್ಗಿತು. ಅದು ಕಿವಿಗೆ ಬಿದ್ದದ್ದೇ ತಡ, ಎಡಗಾಲು ಮೆಲ್ಲಗೆ ಒತ್ತಿತು. ಇಪ್ಪತ್ತೆಂಟು ವರ್ಷ ಗೇರ್ ಬದಲಾದಾಗಲೆಲ್ಲ ಕ್ಲಚ್ಚು ಒತ್ತಿದ ಕಾಲು ಅದು. ಒತ್ತಿದ್ದು ಬ್ರೇಕಾದ್ದರಿಂದ ಲಾರಿಯ ವೇಗ ಇಳಿಯಿತು. ವೇಗ ಇಳಿಯಿತೆಂದು ಗೇರ್‌ಬಾಕ್ಸ್ ಎರಡಕ್ಕೆ ಇಳಿಯಿತು. ಸದ್ದು ಬದಲಾಯಿತೆಂದು ಕಾಲು ಮತ್ತೆ ಒತ್ತಿತು. ಹೀಗೆ ಏರು ಮುಗಿಯುವವರೆಗೆ ಗೇರ್‌ಬಾಕ್ಸೂ ಎಡಗಾಲೂ ಒಂದನ್ನೊಂದು ಕುಣಿಸಿದವು. ಮುಳ್ಳು ಕೆಂಪಿಗೆ ಬಂದಿತ್ತು. ಕಾಲಿನ ಯಜಮಾನರಿಗೆ ಇದರ ಸುಳಿವೇ ಇರಲಿಲ್ಲ.

ಈಗ ಮೇಸ್ತ್ರಿ ಮುಖಕ್ಕೆ ಹೇಳುತ್ತಾರೆ ಎಂದು ಕಾದೆ. ಅವರು ಗಂಟಲು ಸರಿಮಾಡಿಕೊಂಡು, “ದೊರೆಸಾಮಿ, ಎಡಗಾಲು ಹಿಂದಕ್ಕೆ ಮಡಚಿ ಇಕ್ಕೋ, ನೋಡಾಣ,” ಎಂದರಷ್ಟೇ. ದೊರೆಸಾಮಿ ಮಡಚಿದರು. ಒಂದು ಫರ್ಲಾಂಗು ಹೋಗುವಷ್ಟರಲ್ಲಿ ಕಾಲು ಕದ್ದುಮುಚ್ಚಿ ಮತ್ತೆ ಬ್ರೇಕಿನ ಮೇಲೆ ಬಂದು ಕೂತಿತು. ಅವರ ಮುಖ ನೋಡಿದೆ, ರಸ್ತೆಯ ಮೇಲೆಯೇ ಇತ್ತು. ಮೇಸ್ತ್ರಿ ಎರಡನೇ ಸಲ ಹೇಳಲಿಲ್ಲ.

ಶೆಡ್ಡಿಗೆ ಬಂದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. “ಹುಟ್ಟುಗುಣ ಸುಟ್ರೂ ಹೋಗಲ್ಲ ಟೀಚರಮ್ಮ. ನಾನು ಹೇಳಿದ್ರೆ ಅವ್ನು ಕಾಲಿನ್ ಕಡೆ ನೋಡ್ಕೊಂಡು ಓಡಿಸ್ತಾನೆ. ರೋಡ್ ಯಾರ್ ನೋಡ್ಬೇಕು? ತಪ್ಪು ಅವ್ನದೇ ಅಂತ ಓನರ್‌ಗೆ ಗೊತ್ತಾದ್ರೆ ಅಲ್ಲಿಗೆ ಮುಗೀತು. ಆ ಕಾಲು ಇಪ್ಪತ್ತೆಂಟು ವರ್ಷ ಸರಿಯಾಗಿ ಕೆಲ್ಸ ಮಾಡೈತೆ. ಇವಾಗ ಕೆಲ್ಸ ಇಲ್ಲ ಅಂತ ಹೇಳಿದ್ರೆ ಅದಕ್ಕೆ ಎಂಗ್ ತಿಳೀಬೇಕು?”

ಹಾಗೆಂದು ಶೆಡ್ಡಿನ ಹಿಂದಿನ ತುಕ್ಕು ರಾಶಿಯಲ್ಲಿ ಕೈಹಾಕಿ, ಯಾವುದೋ ಸತ್ತ ಲಾರಿಯ ಕ್ಲಚ್ ಪೆಡಲ್ಲೊಂದನ್ನು ಎಳೆದರು. ಅದಕ್ಕೊಂದು ಸ್ಪ್ರಿಂಗು, ಒಂದು ಕಬ್ಬಿಣದ ಪಟ್ಟಿ. ಬ್ರೇಕಿನ ಎಡಕ್ಕೆ ಒಂದು ಗೇಣು ಬಿಟ್ಟು ಅದನ್ನು ಕ್ಯಾಬಿನ್ನಿನ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದರು. ಒತ್ತಿದರೆ ಕೆಳಗೆ ಹೋಗುತ್ತದೆ, ಬಿಟ್ಟರೆ ಮೇಲೆ ಬರುತ್ತದೆ. ಅದು ಯಾವುದಕ್ಕೂ ಸೇರಿಕೊಂಡಿರಲಿಲ್ಲ. ಆಮೇಲೆ ದೊರೆಸಾಮಿಯನ್ನು ಕರೆದು ಸೀಟಿನ ಮೇಲೆ ಕೂರಿಸಿ ಹೇಳಿದರು:

“ಇದು ಆಯಿಲ್ ತಂಪು ಮಾಡೋ ಪೆಡಲ್ಲು. ಗೇರ್ ಬದ್ಲಾದ ಸದ್ದು ಕೇಳಿದ ತಕ್ಷಣ ಒತ್ಬೇಕು, ಬಿಡ್ಬೇಕು. ಒಂದ್ ಸಲಾನೂ ಮರೀಕೂಡ್ದು.”

ದೊರೆಸಾಮಿ ಒತ್ತಿ ನೋಡಿದರು. ಕಾಲಿಗೆ ಹಿಡಿಸಿದ್ದು ಮುಖದಲ್ಲೇ ಕಂಡಿತು. ಆದರೂ ಅನುಮಾನದ ಮನುಷ್ಯ. “ಬುಕ್ಕಲ್ಲಿ ಇಂಥದ್ದು ಐತಾ ಮೇಸ್ತ್ರಿ?”

“ಕೊನೇ ಪೇಜಲ್ಲಿ ಐತೆ. ಟೀಚರಮ್ಮನೋರೇ ಓದಿ ಹೇಳಿದ್ದು.”

ಇಬ್ಬರೂ ನನ್ನ ಕಡೆ ತಿರುಗಿದರು. ಮಕ್ಕಳಿಗೆ ದಿನಾ ಸತ್ಯ ಹೇಳಿ ಎಂದು ಬೋರ್ಡಿನ ಮೇಲೆ ಬರೆಸುವ ನಾನು, ಕೈಯಲ್ಲಿ ಪುಸ್ತಕ ಹಿಡಿದುಕೊಂಡು, ಹೌದು ಎಂದು ತಲೆಯಾಡಿಸಿದೆ.

ಸೋಮವಾರ ಓನರ್ ತಾನೇ ಕ್ಯಾಬಿನ್‌ನಲ್ಲಿ ಕೂತು ಲೋಡಿನೊಂದಿಗೆ ಏರು ಹತ್ತಿ ಬಂದ. ನಾನು ಶಾಲೆಯಲ್ಲಿದ್ದೆ; ಯಾವ ತರಗತಿಯಲ್ಲಿ ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ಮಧ್ಯಾಹ್ನ ಊಟಕ್ಕೆ ಓಡಿ ಬಂದು ಗೋಡೆಯ ಮೇಲಿಂದ ಇಣುಕಿದರೆ ಲಾರಿ ಶೆಡ್ಡಿನ ಮುಂದೆ ನಿಂತಿತ್ತು, ದೊರೆಸಾಮಿ ಕಾಫಿ ಕುಡಿಯುತ್ತಿದ್ದರು. ಎರಡು ಟ್ರಿಪ್ಪು, ಮುಳ್ಳು ಹಸಿರು ಬಿಟ್ಟು ಮೇಲೆದ್ದಿರಲಿಲ್ಲ. ಏನು ಮಾಡಿದೆ ಎಂದು ಓನರ್ ಮೇಸ್ತ್ರಿಯನ್ನು ಕೇಳಿದ್ದಕ್ಕೆ, “ಒಂದು ಪಾರ್ಟ್ ಕಮ್ಮಿ ಇತ್ತು, ಹಾಕಿದೀನಿ,” ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಸೇಲಂನವನು ಸಂಜೆಯ ಬಸ್ಸಿಗೆ ಊರಿಗೆ ಹೋದ.

ಆಮೇಲೆ ಐದಾರು ವರ್ಷ ಆ ಲಾರಿ ರಾಯಕೋಟೆ ರಸ್ತೆಯಲ್ಲಿ ಓಡಾಡಿತು. ನಮ್ಮ ಶಾಲೆಯ ಮುಂದೆ ಹೋಗುವಾಗ ದೊರೆಸಾಮಿ ಒಂದು ಸಲ ಹಾರನ್ ಮಾಡುವುದು ವಾಡಿಕೆಯಾಗಿಹೋಯಿತು. ಮೇಸ್ತ್ರಿ ಮಾತ್ರ ಆ ಲಾರಿ ಬಂದಾಗಲೆಲ್ಲ ಯಾವುದಾದರೊಂದು ಗಾಡಿಯ ಅಡಿಗೆ ಹೋಗಿ ಮಲಗಿಬಿಡುತ್ತಿದ್ದರು. ಎಲ್ಲ ಡ್ರೈವರುಗಳನ್ನೂ ಅರ್ಧ ಗಂಟೆ ಮಾತಾಡಿಸುವವರು ದೊರೆಸಾಮಿಯ ಜೊತೆ ಎರಡು ಮಾತಿಗೆ ಮುಗಿಸುತ್ತಿದ್ದರು. ನಾನದನ್ನು ಗಮನಿಸಿದ್ದೆ, ಕೇಳಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ಅವರಿಗೆ ಕಾಯಿಲೆಯಾಯಿತು. ಕಾಲು ಊದಿಕೊಂಡು ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಪಾಪಮ್ಮ ಗೋಡೆಯ ಮೇಲಿಂದ ಕೂಗಿ, ನಿಮ್ಮನ್ನ ಕರೀತಾವ್ರೆ ಎಂದಳು. ಹೋದೆ. ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಆಯಿಲ್ ಇಲ್ಲದ ಅವರ ಕೈ ನೋಡಿದ್ದು ಅದೇ ಮೊದಲು. ಬೇರೆ ಯಾರದೋ ಕೈಯ ಹಾಗಿತ್ತು.

“ಟೀಚರಮ್ಮ, ಯಾವ ಡ್ರೈವರ್‌ಗೂ ನಾನು ಸುಳ್ಳು ಹೇಳ್ದೋನಲ್ಲ. ಒಬ್ಬನಿಗೆ ಹೇಳ್ಬುಟ್ಟೆ. ಬಂದಾಗೆಲ್ಲ ಅವ್ನು ನನ್ಗೆ ಕೈ ಮುಗೀತಾನೆ. ತಡ್ಕೊಳ್ಳೋಕಾಗಲ್ಲ. ದೊರೆಸಾಮೀನ ಕರೆಸಿ ಹೇಳ್ಬುಡ್ಲಾ?”

ನಾನು ಯೋಚನೆ ಮಾಡಿದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೂ ಹೆದರಿಕೆಯಿತ್ತು, ತಲೆಯಾಡಿಸಿದವಳು ನಾನಲ್ಲವೇ. “ಬೇಡ ಮೇಸ್ತ್ರಿ,” ಎಂದೆ. “ಇಷ್ಟು ವರ್ಷ ಆದ ಮೇಲೆ ಹೇಳಿದರೆ ಅವರಿಗೆ ಅವಮಾನ ಆಗುತ್ತೆ. ಬಿಟ್ಟುಬಿಡಿ.”

“ಓದ್ದೋರು ನೀವು. ನೀವೇ ಹೇಳಿದ್ಮೇಲೆ ಸರಿ,” ಎಂದರು. ಅದೇ ಕೊನೆಯ ಮಾತುಕತೆ. ಎರಡು ವಾರಕ್ಕೆ ತೀರಿಕೊಂಡರು.

ಹನ್ನೊಂದನೇ ದಿನ ಶೆಡ್ಡಿನ ಮುಂದೆ ಚಪ್ಪರ ಹಾಕಿದ್ದರು. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯ ಮೇಲೆ ಎಡೆ ಇಡುವುದು ಪದ್ಧತಿ. ಪಾಪಮ್ಮ ಮುದ್ದೆ, ಕೋಳಿ ಸಾರು, ವಡೆ, ಲೋಟದ ತುಂಬ ಕಾಫಿ ಇಟ್ಟಿದ್ದಳು. ದೊರೆಸಾಮಿ ಅದೇ ಇಸ್ತ್ರಿ ಷರಟಿನಲ್ಲಿ ಬಂದರು. ಕೈಚೀಲದಿಂದ ಪೇಪರ್ ಸುತ್ತಿದ ಏನನ್ನೋ ತೆಗೆದು, ಬಿಚ್ಚಿ, ಎಲೆಯ ಪಕ್ಕ ಇಟ್ಟರು. ಪೆಡಲ್ಲು. ಅದರ ಮೇಲಿನ ಗೀರುಗಳೆಲ್ಲ ತುಳಿತಕ್ಕೆ ಸವೆದು ನುಣ್ಣಗಾಗಿದ್ದವು. ಪಾಪಮ್ಮ, “ಅಯ್ಯೋ, ಎಡೆಗೆ ಯಾರಾನಾ ಕಬ್ಬಿಣ ಇಡ್ತಾರಾ?” ಎಂದಳು. ಆಮೇಲೆ ಅವಳೇ ಅದಕ್ಕೂ ಒಂದು ಹೂ ಇಟ್ಟಳು.

ನಾನು ದೊರೆಸಾಮಿಯ ಪಕ್ಕ ಬಸ್ಸಿನ ಸೀಟಿನ ಮೇಲೆ ಕೂತೆ. ಲಾರಿಯನ್ನು ಹೋದ ತಿಂಗಳು ಗುಜರಿಗೆ ಹಾಕಿದರಂತೆ. ಇವರೂ ಆವತ್ತೇ ಕೆಲಸ ಬಿಟ್ಟರಂತೆ. “ಇದೊಂದನ್ನ ಬಿಚ್ಕೊಂಡು ಬಂದೆ,” ಎಂದರು. ಇನ್ನು ತಡೆದುಕೊಳ್ಳಲಾರದೆ ನಾನು ಬಾಯಿಬಿಟ್ಟೆ. “ದೊರೆಸಾಮಿ, ಆ ಪೆಡಲ್ಲು...”

“ಗೊತ್ತಮ್ಮ.”

“ಏನು ಗೊತ್ತು?”

“ಮೂರ್ನೇ ದಿನಾನೇ ಲಾರಿ ಅಡಿಗೆ ನುಗ್ಗಿ ನೋಡ್ದೆ. ಸ್ಪ್ರಿಂಗ್ ಬಿಟ್ರೆ ಏನೂ ಇರ್ಲಿಲ್ಲ. ಎಡಗಾಲು ಏನ್ ಮಾಡ್ತಿತ್ತು ಅಂತ ಅವತ್ತು ತಿಳೀತು.”

“ಮತ್ತೆ ಅವರಿಗೆ ಒಂದು ಮಾತು ಹೇಳಬಾರದಿತ್ತೇ?”

“ಎಂಗಮ್ಮ ಹೇಳೋದು? ದೇವ್ರ ತಪ್ಪನ್ನೂ ಮುಖಕ್ಕೇ ಹೇಳೋ ಮನುಷ್ಯ, ನನ್ ಮಾನ ಉಳ್ಸೋಕೆ ಒಂದ್ ಸುಳ್ಳು ಹೇಳಿದ್ರು. ಅದನ್ನ ಅವ್ರ ಮುಂದೇನೇ ಬಿಚ್ಚಿ ಇಕ್ಕಿದ್ರೆ ಅವ್ರಿಗೆ ಅವಮಾನ ಅಲ್ವಾ? ಅದ್ಕೇ ಒತ್ತಿದೆ. ಇಷ್ಟ್ ವರ್ಷಾನೂ ಒಂದ್ ಸಲಾನೂ ಮರೀದೆ ಒತ್ತಿದೆ.”

ಆ ಮಧ್ಯಾಹ್ನ ನಾನು ಬೇಡ ಎನ್ನದಿದ್ದರೆ ಇವರಿಬ್ಬರೂ ಇದೇ ಸೀಟಿನ ಮೇಲೆ ಕೂತು ಕಾಫಿ ಕುಡಿದು ಹಗುರಾಗುತ್ತಿದ್ದರು. ನನ್ನ ಮಾತು ಕೇಳಿ ಮೇಸ್ತ್ರಿ ಆ ಭಾರ ಹೊತ್ತುಕೊಂಡೇ ಹೋದರು. ಎಷ್ಟು ಮಕ್ಕಳ ಎಷ್ಟು ಪೇಪರಿನಲ್ಲಿ ತಪ್ಪು ಹಿಡಿದಿದ್ದೇನೋ, ನನ್ನ ಜೀವನದ ಆ ಒಂದು ತಪ್ಪನ್ನು ತಿದ್ದಲು ಇವತ್ತಿಗೂ ದಾರಿ ಕಂಡಿಲ್ಲ. ಅದನ್ನು ದೊರೆಸಾಮಿಗೆ ಹೇಳಬೇಕೆಂದು ಅವರ ಕಡೆ ತಿರುಗಿದೆ.

ಅವರು ಎಡೆಯ ಕಡೆ ನೋಡುತ್ತಾ ಕೂತಿದ್ದರು. ಹೊರಗೆ ರಸ್ತೆಯಲ್ಲಿ ಲೋಡಿನ ಲಾರಿಯೊಂದು ದಿಣ್ಣೆ ಹತ್ತುತ್ತಾ ಗೇರ್ ಬದಲಿಸಿತು. ದೊರೆಸಾಮಿಯ ಎಡಗಾಲು ಹುಣಸೆಮರದ ಕೆಳಗಿನ ಮಣ್ಣನ್ನು ಮೆಲ್ಲಗೆ ಒತ್ತಿ, ಬಿಟ್ಟಿತು.